ಮುತ್ಯಾ ದೊಡ್ಡಿ ಆರಿಸಿದ್ದು

ಮೊದಲು ಒಂದು ಒಗಟು. ಬಾಯಲ್ಲಿ ಹಲ್ಲಿಲ್ಲ, ಎದುರಿಗೆ ಬಂದವರ ಹಲ್ಲು ನೋಡುತ್ತದೆ. ಕಾಲು ಏಳುವುದಿಲ್ಲ, ಮೂರು ಊರು ತಿರುಗುತ್ತದೆ. ನಾಲ್ಕು ಕಾಲಿನವರನ್ನು ನಂಬುತ್ತದೆ, ಎರಡು ಕಾಲಿನವರು ಅಂದರೆ ಸಂಶಯ. ಏನದು?

ಬಿಡ್ರಿ, ನಿಮಗೆ ಬರೋದಿಲ್ಲ. ಉತ್ತರ ನಮ್ಮ ಮುತ್ಯಾ, ಅಂದರೆ ನಮ್ಮಪ್ಪನ ಅಪ್ಪ. ನೀವು ಅವನನ್ನು ನೋಡಿಲ್ಲ, ಹಂಗಾಗಿ ಒಡೆಯೋಕೆ ಆಗೋದಿಲ್ಲ. ಇದು ಮೋಸ ಅಂತೀರಿ. ಹೌದು, ಮೋಸವೇ. ನನ್ನ ಬಾಯಿಂದ ಒಗಟು ಕೇಳೋರು ನಮ್ಮೂರಲ್ಲಿ ಯಾರೂ ಉಳಿದಿಲ್ಲ, ಅದಕ್ಕೇ ನಿಮ್ಮ ಹತ್ತಿರ ಬಂದೆ.

ನಮ್ಮದು ಮೊಗುಡಂಪಲ್ಲಿ ಕಡೆಯ ಒಂದು ಹಳ್ಳಿ, ಕುರಿ ಸಾಕೋ ಮನೆ. ನಗೋ ಸಂಗತಿಗಳು ನಮ್ಮ ಮನೆಗೆ ಕುರಿ ಬಂದಂಗೇ ಬರುತ್ತವೆ. ಒಂದು ಒಳಗೆ ನುಗ್ಗಿತು ಅಂದರೆ ಹಿಂದಿನವು ಯಾಕೆ ಏನು ಅಂತ ಕೇಳದೇ ನುಗ್ಗುತ್ತವೆ. ಈ ವರ್ಷ ಮೊದಲು ನುಗ್ಗಿದ್ದು ಮಾತ್ರ ನಗೋದಾಗಿರಲಿಲ್ಲ. ಮುತ್ಯಾನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಎರಡೂ ಮಲಗಿಬಿಟ್ಟವು. ಬಾಯಿ ಜರಾ ಸೊಟ್ಟಾಯಿತು, ಮಾತು ಮಾತ್ರ ಮೊದಲಿನಷ್ಟೇ ನೆಟ್ಟಗೆ ಬಂದು ಚುಚ್ಚುತ್ತಿತ್ತು.

"ಈಗ್ಲೇ ಕಾಲಿಗೆ ನಡಿಯೋದು ಕಲಸ್ರಿ," ಅಂದರು ಡಾಕ್ಟರು. "ತಡಾ ಮಾಡಿದ್ರ ಕಾಲು ಕಲಿಯೋದೇ ಬಿಟ್ಟುಬಿಡ್ತದ."

ಆ ಮಾತು ನನಗೆ ಚೆನ್ನಾಗಿ ಅರ್ಥವಾಯಿತು. ಹತ್ತನೇ ಕ್ಲಾಸಿನಲ್ಲಿ ನಾನೂ ಹಂಗೇ ಬಿಟ್ಟಿದ್ದೆ.

ವಯಸ್ಸಾದವರನ್ನು ಕೆಲವು ತಿಂಗಳು ಇಟ್ಟುಕೊಂಡು, ಉಣ್ಣಿಸಿ, ತಿಕ್ಕಿ, ವ್ಯಾಯಾಮ ಮಾಡಿಸಿ, ನಡೆಸಿ ಕಳಿಸುವ ಮನೆಗಳು ಇವೆಯಂತೆ. ಜಹೀರಾಬಾದಿನಲ್ಲಿ ಒಂದು, ನಾರಾಯಣಖೇಡದಲ್ಲಿ ಒಂದು, ತಾಂಡೂರಿನಲ್ಲಿ ಒಂದು. ಅಪ್ಪ ಫೋನಿನಲ್ಲೇ ಮಾತಾಡಿ ಮುಗಿಸೋಣ ಅಂತಿದ್ದ. ಮುತ್ಯಾ ಹೊರಸು ಅನ್ನೋ ಹಗ್ಗದ ಮಂಚದ ಮೇಲಿಂದಲೇ ಗುಡುಗಿದ:

"ಒಂದು ಕುರಿ ಕೊಳ್ಳಾಕ ಹೋದ್ರ ಸುದಾ ಅದು ಇದ್ದ ದೊಡ್ಡಿ ನೋಡೇ ಕೊಳ್ತೀವಿ. ನನ್ನ ಇಡೋ ದೊಡ್ಡಿ ನಾ ನೋಡಬ್ಯಾಡೇನು? ಸೇರಿದ್ರ ಇರ್ತೀನಿ. ಸೇರಲಿಲ್ಲಂದ್ರ ಇದೇ ಹೊರಸಿನ ಮ್ಯಾಲ ಇರ್ತೀನಿ. ಆಮ್ಯಾಲ ಯಾರೂ ನನ್ನ ಎಬ್ಬಸಬ್ಯಾಡ್ರಿ."

ಮುತ್ಯಾ ಇರ್ತೀನಿ ಅಂದರೆ ಇರುವವನೇ. ಕುರಿಗಳನ್ನು ಸಂತೆಗೆ ಒಯ್ಯುವ ನಮ್ಮ ಟ್ರಾಲಿ ಆಟೋದಲ್ಲಿ ಗಾದಿ ಹಾಸಿದೆವು. ಅಪ್ಪ ಮುಂದೆ ಕೂತು ಹೊಡೆಯೋದು, ಮುತ್ಯಾ ಹಿಂದೆ ಮಲಗೋದು, ಮುತ್ಯಾ ಉರುಳದಂತೆ ನಾನು ಪಕ್ಕದಲ್ಲಿ ಮಲಗೋದು. ನನ್ನ ಜೀವನದಲ್ಲಿ ನನಗೆ ಸಿಕ್ಕ ಮೊದಲ ನೌಕರಿ ಅದು. ಮಲಗೋ ನೌಕರಿ.

ಜಹೀರಾಬಾದಿನ ಹಿಂಡು

ಟ್ರಾಲಿಯಲ್ಲಿ ಅಂಗಾತ ಮಲಗಿದರೆ ದಾರಿ ಕಾಣುವುದಿಲ್ಲ. ನಾವು ನಿಂತಲ್ಲೇ ಇರುತ್ತೇವೆ, ಆಕಾಶ ಹೊರಟಿರುತ್ತದೆ. ಕರೆಂಟಿನ ತಂತಿಗಳು ಏಳುತ್ತವೆ, ಇಳಿಯುತ್ತವೆ, ಯಾರೋ ಮೆಲ್ಲಗೆ ಉಸಿರಾಡಿದಂಗೆ. ಒಂದು ಹದ್ದು ನಮ್ಮ ಜೊತೆಗೇ ಬರುತ್ತಿತ್ತು. ಮುತ್ಯಾ ಕಣ್ಣು ಮುಚ್ಚಿಕೊಂಡೇ ಮೂಗಿನಿಂದ ಊರು ಹೇಳುತ್ತಿದ್ದ. "ಕಬ್ಬಿನ ಲಾರಿ ಮುಂದ ಹೊಂಟದ." ಸ್ವಲ್ಪ ಹೊತ್ತಿಗೆ, "ಸುಟ್ಟ ಟೈರು. ಹೈವೇ ಬಂತು." ಆಮೇಲೆ ನನಗೂ ಕಣ್ಣು ಎಳೆದು, ಹದ್ದು ಟೈರು ತಿನ್ನುತ್ತಿರೋ ಕನಸು ಬಿತ್ತು.

ಜಹೀರಾಬಾದಿನ ಮನೆ ಎಂಥ ಮನೆ ಅಂತೀರಿ! ನೆಲದಲ್ಲಿ ನನ್ನ ಮೂಗಿನ ಹೊಳ್ಳೆ ಕಾಣುತ್ತಿತ್ತು. ಇಸ್ತ್ರಿ ಮುರಿಯದ ಅಂಗಿಯ ಮ್ಯಾನೇಜರ್ ಒಬ್ಬ ತೆಲುಗಿನಲ್ಲಿ ಮಾತು ಶುರು ಮಾಡಿದ. ಅಪ್ಪ ಆಟೋ ನಿಲ್ಲಿಸಲು ಹೋಗಿದ್ದ. ಮುತ್ಯಾ ಗಾಲಿಕುರ್ಚಿಯಲ್ಲಿ ಕೂತು ಸುಮ್ಮನೆ ಕಣ್ಣು ಪಿಳುಕಿಸುತ್ತಿದ್ದ. ಕನ್ನಡಕ್ಕೆ ತಿರುಗಿಸಿ ಹೇಳುವ ಸೇವೆ ನಾನೇ ವಹಿಸಿಕೊಂಡೆ.

"ಹಗಲೂ ರಾತ್ರಿ ನರ್ಸ್ ಇರ್ತಾರೆ," ಅಂದ ಮ್ಯಾನೇಜರ್.

"ಹಗಲೂ ರಾತ್ರಿ ಬೀಡಿ ಸೇದಬಹುದಂತ ಮುತ್ಯಾ," ಅಂದೆ ನಾನು.

"ವಾರಕ್ಕೊಮ್ಮೆ ದೊಡ್ಡ ಡಾಕ್ಟರು ಬಂದು ಎಲ್ಲರನ್ನೂ ನೋಡ್ತಾರೆ."

"ವಾರಕ್ಕೊಮ್ಮೆ ಟಗರು ಕೊಯ್ದು ಎಲ್ಲಾರಿಗೂ ಹಾಕ್ತಾರಂತ."

"ಮನೆಯವರು ಯಾವಾಗ ಬೇಕಾದರೂ ಬಂದು ನೋಡಬಹುದು."

"ಮಮ್ಮಗನಿಗೆ ದಿನಾ ಖರ್ಚಿಗೆ ಕೊಡೋರನ್ನ ಮಾತ್ರ ಇಟ್ಕೊಳ್ತಾರಂತ."

ಮುತ್ಯಾ ಎಲ್ಲಕ್ಕೂ ಗಂಭೀರವಾಗಿ ತಲೆ ಆಡಿಸಿದ. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, ರೇಡಿಯೋದವರು ಮಾತಾಡೋ ಥರದ ತೆಲುಗಿನಲ್ಲಿ ಕೇಳಿದ: "ಸಾರ್, ನನ್ನ ಕಾಲಿಂದು ಆಮೇಲೆ ನೋಡೋಣ. ಮೊದಲು ಈ ಹುಡುಗನಿಗೆ ಒಂದು ಖಾಟ್ ಸಿಗ್ತದಾ? ಇವನಿಗೆ ತಲೆಯಲ್ಲಿ ತೊಂದರೆ."

ಮುತ್ಯಾ ಸಣ್ಣವನಿದ್ದಾಗಿನಿಂದ ಕುರಿ ಹೊಡೆದುಕೊಂಡು ತೆಲುಗು ಊರುಗಳಲ್ಲೇ ತಿರುಗಿದವನು. ಅದು ನನಗೆ ಮರೆತೇ ಹೋಗಿತ್ತು.

ಅಷ್ಟರಲ್ಲಿ ಅಪ್ಪ ಬಂದ. ಹಾಲ್‌ಗೆ ಹೋದೆವು. ಮುದುಕರು ಮುದುಕಿಯರು ಸಾಲಾಗಿ ಕೂತಿದ್ದರು. ಎಲ್ಲರಿಗೂ ಒಂದೇ ಥರ ಎಣ್ಣೆ, ಒಂದೇ ಥರ ಬೈತಲೆ. ಎದುರಿಗೆ ಟಿವಿ ಓಡುತ್ತಿತ್ತು. ಮುತ್ಯಾ ನನ್ನ ಕಿವಿಯಲ್ಲಿ, "ಸಂತಿಗೆ ತರೋ ಮುಂದ ಕುರಿ ಮೈ ಹಿಂಗೇ ತೊಳಸ್ತಾರ," ಅಂದ. ಹೊಸ ಹಿಂಡು ಕೊಳ್ಳುವಾಗ ಅವನದೊಂದು ಪರೀಕ್ಷೆ ಇದೆ. ಒಮ್ಮೆ ಕೂಗು ಹಾಕಬೇಕು. ಜೀವ ನೆಟ್ಟಗಿರುವ ಕುರಿ ತಲೆ ಎತ್ತುತ್ತದೆ. ನಾವು ಬೇಡ ಅನ್ನೋದರೊಳಗೆ ಮುತ್ಯಾ ಎದೆ ತುಂಬಾ ಉಸಿರು ಎಳೆದು, "ಹುರ್ರ್ರ್ ಹೋ...!" ಅಂತ ಕೂಗೇ ಬಿಟ್ಟ.

ಒಂದು ತಲೆಯೂ ಏಳಲಿಲ್ಲ. ಟಿವಿಯೊಳಗಿನ ಹುಡುಗಿ ಸಾಬೂನು ತೋರಿಸುತ್ತಲೇ ಇದ್ದಳು, ಇವರೆಲ್ಲ ನೋಡುತ್ತಲೇ ಇದ್ದರು, ತಿಳಿನೀರಿನ ತಳದಲ್ಲಿ ಕೂತವರ ಹಾಗೆ. ಮ್ಯಾನೇಜರ್ ಒಬ್ಬನೇ ಬೆಚ್ಚಿಬಿದ್ದು ಗೋಡೆಗೆ ಅಂಟಿಕೊಂಡ.

"ನಡಿ ಹೋಗಮಿ," ಅಂದ ಮುತ್ಯಾ. "ಈ ಹಿಂಡಿನ್ಯಾಗ ನೆಟ್ಟಗಿರಾವ ಮ್ಯಾನೇಜರ್ ಒಬ್ನೇ. ಅವನ್ನ ಕೊಳ್ಳಾಕ ನಾವು ಬಂದಿಲ್ಲ."

ಸಲಹೆ ಕೊಡೋರು

ಒಂದು ಮನೆ ಬೇಡ ಅಂದ ಸುದ್ದಿ ಊರಲ್ಲಿ ಹರಡಿತು. ಈಗ ಹೊರಸಿನ ಸುತ್ತ ಸಲಹೆ ಕೊಡೋರೇ. ಮನೆ ಆರಿಸೋದು ಹೇಗೆ ಅಂತ ಎಲ್ಲರಿಗೂ ಗೊತ್ತು. ಅಂಥ ಮನೆ ಯಾರೂ ನೋಡಿಲ್ಲ, ಅದು ಬೇರೆ ಮಾತು.

ಕಿರಾಣಿ ಅಂಗಡಿಯಾತ ಹೇಳಿದ: "ಕಾಲುಗುರು ನೋಡ್ರಿ. ಅಲ್ಲಿರೋ ಮಂದಿದು ಉಗುರು ತೆಗದಿದ್ರ ಛಲೋ ಮನಿ. ಬೆಳದಿದ್ರ ಓಡಿ ಬರ್ರಿ."

ಆಶಾ ಅಕ್ಕ ಹೇಳಿದಳು: "ಖಾಟ್ ಬಾಜೂಕ ಗಂಟಿ ಇರ್ತದ್ರಿ. ಒತ್ತಿದ್ರ ಯಾರರೆ ಬರ್ತಾರೋ ಇಲ್ಲೋ, ಅದು ನೋಡ್ರಿ."

ಇವೆಲ್ಲ ಒಳ್ಳೇ ಮಾತೇ. ಮುತ್ಯಾ ಕೇಳಿಸಿಕೊಂಡ. ಕೊನೆಗೆ ಬಂದವನು ಅವನ ಹೆಂಡತಿಯ ತಮ್ಮ, ಅಂದರೆ ತೀರಿಹೋದ ನಮ್ಮ ಆಯಿಯ ತಮ್ಮ. ಅವನ ಪಟ್ಟಿ ಮುಗಿಯಲೇ ಇಲ್ಲ. "ಅಡಗಿ ಮನಿ ನೋಡ್ರಿ ಮಾವಾ. ಹಾಸಿಗಿ ಎತ್ತಿ ನೋಡ್ರಿ. ಬಚ್ಚಲ ವಾಸನಿ ನೋಡ್ರಿ. ಕೆಲಸದವ್ರು ಹಿರೇರ ಜೋಡಿ ಹ್ಯಾಂಗ ಮಾತಾಡ್ತಾರ, ಬಾಗಲ ಹಿಂದ ನಿಂತು ಕೇಳ್ರಿ."

ಮುತ್ಯಾ ತಣ್ಣಗೆ ಹೇಳಿದ: "ನಿನ್ನ ಅಕ್ಕನ್ನ ನೋಡಾಕ ನಿಮ್ಮ ಮನಿಗೆ ಬಂದಾಗ ಇಷ್ಟು ನೋಡಿದ್ರ, ಇವತ್ತು ನೀ ನನಗ ಮಾವಾ ಅಂತಿದ್ದಿಲ್ಲ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವನು ಹೊರಸಿನ ಕೊನೆಯಲ್ಲಿ ಕೂತು ಮುತ್ಯಾನ ಬಲಪಾದವನ್ನು ಮಡಚಿ, ಬಿಚ್ಚಿ ಮಾಡುತ್ತಿದ್ದ. ಬೆರಳುಗಳು ಒಳಕ್ಕೆ ಮುದುರಿಕೊಳ್ಳಲು ಶುರುವಾಗಿದ್ದವು.

ನಾರಾಯಣಖೇಡದ ಎಣ್ಣೆ

ಈ ಮನೆ ಊರ ಹೊರಗೆ, ದಿಬ್ಬದ ಮೇಲೆ. ಅಂಗಳದಲ್ಲಿ ಬೇವಿನ ಮರ. ಅಪ್ಪ ಮುತ್ಯಾನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅಡುಗೆಮನೆ ತೋರಿಸಲು ಒಯ್ದ. ಮುತ್ಯಾನ ಕಂಬಳಿ ನನ್ನ ಹೆಗಲ ಮೇಲಿತ್ತು. ಮರದ ಕೆಳಗೆ ಇನ್ನೊಂದು ಗಾಲಿಕುರ್ಚಿ ಖಾಲಿ ನಿಂತಿತ್ತು.

ಖಾಲಿ ಗಾಲಿಕುರ್ಚಿ ಕಂಡೂ ಕೂರದೇ ಮುಂದೆ ಹೋಗುವವರು ಇರಬಹುದು. ನನಗೆ ಅಂಥವರ ಪರಿಚಯವಿಲ್ಲ.

ಕೂತೆ. ಮಧ್ಯಾಹ್ನದ ಬಿಸಿಲು ಎಲೆಗಳಿಂದ ಸೋಸಿ ಬೀಳುತ್ತಿತ್ತು. ಕಂಬಳಿ ತಲೆಯ ಮೇಲಿಂದ ಎಳೆದುಕೊಂಡೆ. ಕುರಿ ವಾಸನೆ, ಬೇವಿನ ಹೂವಿನ ವಾಸನೆ ಎರಡೂ ಸೇರಿ ನನ್ನನ್ನು ಎಲ್ಲಿಗೋ ಎತ್ತಿಕೊಂಡು ಹೋದವು. ಕನಸಿನಲ್ಲಿ ನಾನು ಬಹಳ ಮುದುಕನಾಗಿದ್ದೆ. ಬಿಳಿ ಗಡ್ಡ ನೆಲದ ತನಕ. ಕುರಿಮರಿಗಳು ಬಂದು ಅದನ್ನು ಹುಲ್ಲಿನ ಥರ ಮೇಯುತ್ತಿದ್ದವು, ನೋವಿರಲಿಲ್ಲ. ನನ್ನ ಕುರ್ಚಿ ತಾನೇ ಎದ್ದು ನೀರಿನ ಟಾಕಿಯ ಮೇಲಿಂದ, ಬಸ್ ನಿಲ್ದಾಣದ ಮೇಲಿಂದ ತೇಲುತ್ತಾ ಹೋಯಿತು. ಕೆಳಗೆ ಜನ ಕೈಬೀಸುತ್ತಿದ್ದರು. ಒಂದು ಮೋಡ ಹಾಸಿಗೆಯಾಯಿತು. ಯಾರೋ ಬೆಚ್ಚಗಿನ ಎಣ್ಣೆಯಿಂದ ನನ್ನ ಕಾಲು ತೀಡುತ್ತಿದ್ದರು. ಇದು ಯಾವ ದೇಶ ಅಂತ ಕೇಳಬೇಕು ಅನ್ನೋದರೊಳಗೆ ನನಗೆ ಒಂದು ಅನುಮಾನ ಬಂತು. ಎಣ್ಣೆ ತೀರಾ ಖರೇ ಅನ್ನುವಷ್ಟು ಬೆಚ್ಚಗಿದೆಯಲ್ಲ?

ಕಂಬಳಿಯ ತೂತಿನಿಂದ ನೋಡಿದೆ. ನಾನು ವ್ಯಾಯಾಮದ ಕೋಣೆಯ ಖಾಟಿನ ಮೇಲಿದ್ದೆ. ನಿದ್ದೆಗಣ್ಣಲ್ಲೇ ಎಬ್ಬಿಸಿ ಮಲಗಿಸಿದ್ದರು ಅಂತ ಕಾಣುತ್ತದೆ. ಒಬ್ಬ ಆಯಮ್ಮ ಫೋನನ್ನು ಕಿವಿ ಮತ್ತು ಭುಜದ ನಡುವೆ ಸಿಗಿಸಿಕೊಂಡು, ಅಕ್ಕನ ಜೊತೆ ಮದುವೆ ಸೀರೆಯ ಮಾತಾಡುತ್ತಾ, ನನ್ನ ಕಾಲು ತಿಕ್ಕುತ್ತಿದ್ದಳು. ನನ್ನ ಕಾಲು ಅಂದರೂ ಧೂಳು ಹಿಡಿದ ಒಣಕಟ್ಟಿಗೆ, ಯಾವ ವಯಸ್ಸಿಗೂ ಹೊಂದುತ್ತದೆ.

ಮರ್ಯಾದಸ್ಥ ಹುಡುಗನಾಗಿದ್ದರೆ ಎದ್ದು ಕೂರುತ್ತಿದ್ದ. ನಾನೂ ಎದ್ದೇಳಬೇಕು ಅಂತಲೇ ಇದ್ದೆ. ಆದರೆ ಇನ್ನೊಂದು ಕಾಲು ಬಾಕಿ ಇತ್ತು.

ಆಕೆ ಅದನ್ನೂ ತಿಕ್ಕಿ, ಮಡಚಿ ನೋಡಿ, ಖುಷಿಯಿಂದ ಹೇಳಿದಳು: "ತಾತಾ, ನಿನ್ನೆ ಕಾಲು ಬಗ್ಗಲಾರದೆ ಬಿಗಿದಿತ್ತು. ಇವತ್ತು ನೋಡ್ರಿ, ಹುಡುಗರ ಕಾಲಿನಂಗ ಬಗ್ಗಲಾಕತ್ತದ!"

"ಹೂಂ," ಅಂತ ನರಳಿದೆ, ಆದಷ್ಟು ಮುದಿ ದನಿಯಲ್ಲಿ.

ಆಗ ಬಾಗಿಲಲ್ಲಿ ಒಂದು ಗರ್ಜನೆ. ಖರೇ ತಾತ ಇನ್ನೊಬ್ಬ ಆಳಿನ ಹೆಗಲು ಹಿಡಿದು ನಿಂತಿದ್ದರು. "ನನ್ನ ಕುರ್ಚಿನೂ ಇಲ್ಲ. ನನ್ನ ಎಣ್ಣಿ ಯಾರಿಗವ್ವಾ ಹಚ್ಚಲಾಕತ್ತೀ?"

ಕಂಬಳಿ ಎತ್ತಿದರು. ಆಮೇಲಿನದು ಹೇಳುವಂಥದ್ದೇನಿಲ್ಲ. ಎಣ್ಣೆ ಕಾಲಿನಲ್ಲಿ ಓಡೋದು ಕಷ್ಟ ಅಂತ ಮಾತ್ರ ಹೇಳ್ತೀನಿ.

ಟ್ರಾಲಿಯಲ್ಲಿ ಮಲಗಿ ಮುತ್ಯಾನಿಗೆ ಶಿಫಾರಸು ಮಾಡಿದೆ. "ಮುತ್ಯಾ, ಇದನ್ನ ಬಿಡಬ್ಯಾಡ. ಮಾಲೀಸು ಭಾಳ ಛಲೋ ಅದ. ನಾನೇ ನೋಡೀನಿ."

"ಅದಕ್ಕೇ ಬ್ಯಾಡ," ಅಂದ ಮುತ್ಯಾ. "ಮುಖಾ ನೋಡದೇ ಕಾಲು ತಿಕ್ಕತಾರ. ಮರಿ ಯಾವುದು, ಮುದಿ ಕುರಿ ಯಾವುದು ಗೊತ್ತಿಲ್ಲದವ್ರ ಕೈಯಾಗ ಯಾರರೆ ದೊಡ್ಡಿ ಕೊಡ್ತಾರೇನು?"

ತಾಂಡೂರಿನ ಗಂಟೆ

ಮೂರನೇ ಸಲ ಹೊರಟೆವು. ಕೊಹೀರ್ ದಾಟಿದ ಮೇಲೆ ಅಪ್ಪ ಒಂದು ಕಡೆ ಆಟೋ ನಿಲ್ಲಿಸಿ, ಹಿಂದೆ ಬಂದು ಹಲಗೆ ಹಿಡಿದು ನಿಂತ.

"ಅಪ್ಪಾ, ಇದು ಕೊನೀದು. ಇದೂ ಸೇರಲಿಲ್ಲಂದ್ರ?"

"ಮನ್ಯಾಗ ಹೊರಸು ಅದಲ್ಲ."

"ಹೊರಸಿನ ಮ್ಯಾಲ ನೀ ಇರ್ತಿ ಖರೇ. ನಿನ್ನ ಕಾಲು ಇರೋದಿಲ್ಲ. ಕುರಿ ದೊಡ್ಡಿ ಅಲ್ಲ ಇದು, ತಿಳೀತೇನು? ನೀ ನಡೀಬೇಕು ನನಗ!"

ಅಪ್ಪ ಕಣ್ಣು ಒರೆಸಿಕೊಂಡ. ಧೂಳು ಅಂದ. ಅಲ್ಲಿ ಧೂಳಿರಲಿಲ್ಲ. ಧೂಳು ಬಂದದ್ದು ತಾಂಡೂರು ಹತ್ತಿರ. ಕಲ್ಲು ಕೊಯ್ಯುವ, ಉಜ್ಜುವ ಕಾರ್ಖಾನೆಗಳ ಪುಡಿ. ದಾರಿ ಬದಿಯ ಗಿಡಗಳೆಲ್ಲ ಮೈಗೆ ಹಿಟ್ಟು ಬಳಿದುಕೊಂಡು ಸುಮ್ಮನೆ ನಿಂತಿದ್ದವು. ಮನೆ ಬಿಳಿ, ಎಮ್ಮೆ ಬಿಳಿ, ಸೈಕಲ್ ಮೇಲೆ ಹೋಗುವವನೂ ಬಿಳಿ. ನಾವು ಮೋಡದೊಳಕ್ಕೆ ಹೊಕ್ಕಿದ್ದೇವೆ, ಇನ್ನು ಚಕ್ರಗಳ ಸದ್ದೂ ನಿಲ್ಲುತ್ತದೆ ಅನ್ನಿಸಿತು. ಮುತ್ಯಾ ಈ ಸಲ ವಾಸನೆ ಹೇಳಲಿಲ್ಲ. ಕಣ್ಣು ಬಿಟ್ಟುಕೊಂಡು ಮಲಗಿದ್ದ.

ಈ ಮನೆಯ ನೆಲ ಅದೇ ಊರಿನ ನೀಲಿ ಕಲ್ಲು. ಹೊಳಪಿಲ್ಲ, ಒರಟು. ಒಳಗೆ ಹೋದರೆ ಫಿನೈಲು, ಕುದಿಯೋ ಬೇಳೆ, ಜೊತೆಗೆ ಸ್ವಲ್ಪ ಉಚ್ಚೆ ವಾಸನೆ. ಅಪ್ಪನ ಮುಖ ಬಿತ್ತು. ಮುತ್ಯಾ ಮೂಗು ಅರಳಿಸಿ, "ಜೀವ ಇದ್ದಲ್ಲಿ ವಾಸನಿ ಇರ್ತದ," ಅಂದ. "ಹಳೇದಲ್ಲ, ಈಗಿಂದು. ತೊಳೀಲಾಕತ್ತಾರ ನೋಡಲ್ಲಿ." ಹೌದು, ಮೂಲೆಯಲ್ಲಿ ಒಬ್ಬಳು ನೆಲ ಒರೆಸುತ್ತಿದ್ದಳು.

ಪಡಸಾಲೆಯಲ್ಲಿ ಹಿರಿಯರು ಅಲ್ಲೊಬ್ಬರು ಇಲ್ಲೊಬ್ಬರು ತೂಕಡಿಸುತ್ತಿದ್ದರು. ಮುತ್ಯಾ ಕೂಗು ಹಾಕಿದ. ಎಲ್ಲಾ ತಲೆಗಳೂ ಒಮ್ಮೆಗೇ ಎದ್ದವು. ಒಬ್ಬ ಅಜ್ಜಿ ಎದ್ದು ಕೂತು, "ಯಾವಾನೋ ಅವಾ! ಈಗರೆ ಕಣ್ಣು ಹತ್ತಿತ್ತು, ನಿನ್ನ ಗಂಟಲಿಗೆ ಮುಳ್ಳು ಸಿಗಲಿ!" ಅಂತ ಚಪ್ಪಲಿ ಹುಡುಕತೊಡಗಿದಳು.

"ಹಿಂಡು ಎಚ್ಚರ ಅದ," ಅಂದ ಮುತ್ಯಾ ಸಮಾಧಾನದಿಂದ.

ಗಂಟೆಯ ಪರೀಕ್ಷೆ ನನ್ನ ಪಾಲಿಗೆ ಬಂತು. ಯಾರೂ ಕೊಡಲಿಲ್ಲ, ನಾನೇ ತೆಗೆದುಕೊಂಡೆ. ಒಂದು ಖಾಲಿ ಕೋಣೆಗೆ ಹೋಗಿ, ಗಂಟೆ ಒತ್ತಿ, ಖಾಟಿನ ಕೆಳಗೆ ಸೇರಿಕೊಂಡೆ. ಒಬ್ಬ ಆಯಮ್ಮ ಓಡಿ ಬಂದಳು. ಅವಳ ಚಪ್ಪಲಿ ಬಂದವು, ನಿಂತವು, ಹೋದವು. ಪಕ್ಕದ ಕೋಣೆಯಲ್ಲಿ ಒತ್ತಿದೆ. ಮತ್ತೆ ಬಂದವು, ನಿಂತವು, ಹೋದವು. ಮೂರನೆಯ ಕೋಣೆಗೆ ಹೋದೆ. ಖಾಟಿನ ಕೆಳಗೆ ಮೊದಲು ಜಾಗ ನೋಡಿಕೊಂಡು, ಆಮೇಲೆ ಒತ್ತೋಣ ಅಂತ ಬಗ್ಗಿದೆ. ಕೆಳಗಿನಿಂದ ಒಂದು ಕೈ ಬಂದು ನನ್ನ ಕಿವಿ ಹಿಡಿಯಿತು.

"ಬಾರಪ್ಪಾ ರಾಜಾ," ಅಂದಳು ಆಯಮ್ಮ ಖಾಟಿನ ಕೆಳಗಿಂದ. "ನಿನ್ನ ದಾರೀನೇ ನೋಡ್ಲಾಕತ್ತಿದ್ದೆ."

ಕೆಂಪು ಕಿವಿ ಹಿಡಿದುಕೊಂಡು ಹೋಗಿ ಮುತ್ಯಾನಿಗೆ ವರದಿ ಒಪ್ಪಿಸಿದೆ. "ಮುತ್ಯಾ, ಗಂಟಿ ಒತ್ತಿದ ಮ್ಯಾಲ ಬರೋದು ಬ್ಯಾರೆ ಕಡಿಗೂ ಇರಬಹುದು. ಇಲ್ಲಿ ಒತ್ತೋಕಿಂತ ಮೊದಲೇ ಬರ್ತಾರ."

ದಸ್ತಿಯ ಕೆಳಗೆ

ಇಷ್ಟಾದರೂ ಮುತ್ಯಾ ಹೂಂ ಅನ್ನಲಿಲ್ಲ. "ನೋಡಮಿ," ಅಂದ. ಬಲಗೈಯನ್ನು ಮಡಿಲಲ್ಲಿಟ್ಟು ಅದರ ಮೇಲೆ ದಸ್ತಿ ಮುಚ್ಚಿಕೊಂಡು ಕೂತ. ದಸ್ತಿ ಅಂದರೆ ಹೆಗಲ ಟವಲು. ಲಕ್ವಾ ಹೊಡೆದಾಗಿನಿಂದ ಆ ಕೈ ಹೊರಗಿನವರಿಗೆ ತೋರಿಸಿದವನೇ ಅಲ್ಲ. ನೀರಿನ ಗ್ಲಾಸನ್ನೂ ಅದು ಹಿಡಿದಿರಲಿಲ್ಲ. ದೊಡ್ಡಿಯಲ್ಲಿ ಕುಂದಿಲ್ಲ, ಕುಂದು ತನ್ನಲ್ಲಿದೆ, ಅದು ಇವರಿಗೆ ಗೊತ್ತಾಗುತ್ತದೆ ಅನ್ನೋ ಭಯ ಅವನಿಗೆ. ಅಪ್ಪನಿಗೂ ನನಗೂ ಗೊತ್ತಿತ್ತು, ಹೇಳುವವರು ಯಾರು?

ವ್ಯಾಯಾಮ ಮಾಡಿಸುವ ಅಕ್ಕ ಬಂದಳು. ಯಾಲಾಲದಿಂದ ದಿನಾ ಸ್ಕೂಟಿ ಮೇಲೆ ಬರುವ ಹುಡುಗಿ. ಮುತ್ಯಾನ ಮುಂದೆ ಸ್ಟೂಲು ಎಳೆದು ಕೂತು, ಮೊದಲು ಅವನ ಮುಖ ನೋಡಿ ನಕ್ಕಳು. ಆಮೇಲೆ ಅಪ್ಪನಿಗೆ ಹೇಳಿದಳು: "ಮೂರು ತಿಂಗಳರೆ ಇಡಬೇಕಾಗ್ತದ್ರಿ."

ಮುತ್ಯಾ ಮುಖ ತಿರುಗಿಸಿದ.

"ತಾತಾ, ಕೈ ನೋಡ್ಲಾ?"

ಮುತ್ಯಾ ದಸ್ತಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ. ಆಕೆ ದಸ್ತಿ ಎಳೆಯಲಿಲ್ಲ. ಅದು ಹಾಗೇ ಇರಲಿ ಅಂತ ಬಿಟ್ಟು, ತನ್ನ ಕೈಯನ್ನು ಅದರ ಕೆಳಗೆ ತೂರಿಸಿ, ಮೂರು ಬೆರಳನ್ನು ಮುತ್ಯಾನ ಅಂಗೈಯಲ್ಲಿ ಇಟ್ಟಳು. "ಹಿಡೀರಿ ತಾತಾ."

ಇಲ್ಲೊಂದು ಮಾತು ನಿಮಗೆ ಹೇಳಲೇಬೇಕು. ನಮ್ಮ ಕುರಿ ಸಂತೆಯಲ್ಲಿ ದರವನ್ನು ಬಾಯಿಂದ ಹೇಳೋದಿಲ್ಲ. ಕೊಡೋನು, ಕೊಳ್ಳೋನು ಕೈ ಹಿಡಿದು ಮೇಲೆ ದಸ್ತಿ ಮುಚ್ಚುತ್ತಾರೆ. ಅದರ ಕೆಳಗೆ ಬೆರಳು ಹಿಚುಕಿ ಇಷ್ಟು ಅಂತ ತಿಳಿಸೋದು. ಸುತ್ತಲಿನವರಿಗೆ ಇಬ್ಬರ ಮುಖ ಮಾತ್ರ ಕಾಣುತ್ತದೆ, ಮುಖದಲ್ಲಿ ಏನೂ ಕಾಣಿಸಬಾರದು. ಮುತ್ಯಾನ ಜೀವನವೆಲ್ಲ ದಸ್ತಿಯ ಕೆಳಗೇ ಕಳೆದಿದೆ.

ಮೂರು ತಿಂಗಳು ಅಂದವಳು ಈಗ ದಸ್ತಿಯ ಕೆಳಗೆ ಮೂರು ಬೆರಳು ಇಟ್ಟಿದ್ದಾಳೆ!

ಮುತ್ಯಾನ ಮುಖ ನೋಡುತ್ತಿದ್ದಂತೆ ಬದಲಾಯಿತು. ರೆಪ್ಪೆ ಅರ್ಧ ಇಳಿದವು. ಸೊಟ್ಟ ಬಾಯಿಯೂ ಬಿಗಿಯಾಯಿತು. ಸಂತೆಯ ಮುಖ ಅದು. ಎಷ್ಟೋ ದಿನದ ಮೇಲೆ ಅದನ್ನು ನೋಡಿದೆ. ದಸ್ತಿ ಒಂದು ಸಣ್ಣ ಇಲಿ ಹೊಕ್ಕಂಗೆ ಮಿಸುಕಿತು. ಮುತ್ಯಾ ಒಂದು ಬೆರಳನ್ನು ಹೊರಗೆ ತಳ್ಳಿ, ಎರಡನ್ನು ಹಿಡಿದಿದ್ದ.

"ಛಲೋ ತಾತಾ! ಇನ್ನೂ. ಇನ್ನೂ ಆಗ್ತದ," ಅಂದಳು ಅಕ್ಕ.

"ಇನ್ನೂ ಕೇಳ್ತಾಳ!" ಮುತ್ಯಾ ಹಲ್ಲಿಲ್ಲದ ದವಡೆ ಕಚ್ಚಿದ. "ಯಾವ ಸಂತಿಯಾಕಿ ನೀ?" ಇನ್ನೊಂದು ಬೆರಳನ್ನೂ ತಳ್ಳಿದ. ಉಳಿದ ಒಂದೇ ಬೆರಳನ್ನು ಹಿಡಿದು, ಕುತ್ತಿಗೆಯ ನರ ಉಬ್ಬುವ ಹಾಗೆ ಹಿಚುಕಿದ.

"ಅವ್ವಾ!" ಅಂತ ಕಿರುಚಿದಳು ಅಕ್ಕ.

ದಸ್ತಿ ಜಾರಿ ಬಿತ್ತು. ಗ್ಲಾಸು ಹಿಡಿಯದ ಕೈ ಆಕೆಯ ಬೆರಳನ್ನು ಹಿಡಿದುಕೊಂಡಿತ್ತು. ಅಪ್ಪ ಬಾಯಿ ತೆರೆದು ನಿಂತ. ಮುತ್ಯಾನಿಗೆ ಅದರ ಕಡೆ ಲಕ್ಷ್ಯವೇ ಇಲ್ಲ.

"ಒಂದು," ಅಂದ. "ಒಂದು ತಿಂಗಳಕ್ಕಿಂತ ಮ್ಯಾಲ ಇಲ್ಲ."

"ಆತು ತಾತಾ, ಆತು, ಬಿಡ್ರಿ ಬೆರಳು!"

"ಎಲ್ಲಾರೂ ಕೇಳಿದ್ರಿ ಹೌದಿಲ್ಲ? ಆತು ಅಂದಾಳ. ವ್ಯಾಪಾರ ಮುಗೀತು. ತಮ್ಮಾ, ನನ್ನ ಗಂಟು ಇಳಸು."

ಮುತ್ಯಾನನ್ನು ಆ ಮನೆಗೆ ಸೇರಿಸಿದ್ದು ಹೀಗೆ. ವ್ಯಾಯಾಮದ ಅಕ್ಕನಿಗೆ ಆಮೇಲೆ ನಾನು ಸಂತೆಯ ಪದ್ಧತಿ ವಿವರಿಸಿದೆ. ಆಕೆ ಬೆರಳಿಗೆ ಉಫ್ ಉಫ್ ಅಂತ ಊದಿಕೊಳ್ಳುತ್ತಾ ಕೇಳಿ, ಏನೋ ಯೋಚಿಸಿ ನಕ್ಕಳು. ಮರುದಿನ ಬೆಳಿಗ್ಗೆ ತಾನೇ ಒಂದು ದಸ್ತಿ ತಂದು, ಮುತ್ಯಾನ ಕೈಮೇಲೆ ಹಾಸಿ, ಕೆಳಗೆ ನಾಲ್ಕು ಬೆರಳು ಇಟ್ಟಳಂತೆ.

"ನಿನ್ನಿ ಒಂದಕ್ಕ ಮುಗದಿದ್ದು ಇವತ್ತು ನಾಕು ಹ್ಯಾಂಗಾತು?" ಮುತ್ಯಾನ ಕೂಗು ಬೀದಿಗೆ ಕೇಳಿತಂತೆ. ಇಳಿಸೋಕೆ ಮುತ್ಯಾ ಬೆವರಿಳಿಸಬೇಕಾಯಿತು. ಅದರ ಮರುದಿನ ಮತ್ತೆ ಮೇಲೆ. ವಾರದ ಮೇಲೆ ನಾನು ಹೋದಾಗ ಆಕೆ ದಸ್ತಿಯನ್ನು ಅವನ ಪಾದದ ಮೇಲೆ ಹಾಸುತ್ತಿದ್ದಳು.

"ಕಾಲಿಲೆ ವ್ಯಾಪಾರ ಮಾಡಾವ್ರನ್ನ ನಾ ಎಲ್ಲೂ ನೋಡಿಲ್ಲವಾ," ಅಂದ ಮುತ್ಯಾ. ಆದರೂ ಬಿಟ್ಟುಕೊಡುತ್ತಾನೆಯೇ? ಮುದುರಿದ ಹೆಬ್ಬೆರಳು ದಸ್ತಿಯ ಕೆಳಗೆ ಮೆಲ್ಲಗೆ ತಲೆ ಎತ್ತಿ ಆಕೆಯ ಕೈಯನ್ನು ಒತ್ತಿತು.

ಈಗ ಅಲ್ಲಿ ಎಲ್ಲರಿಗೂ ವ್ಯಾಪಾರದ ಹುಚ್ಚು. ಸಂತೆಯ ಮುಖವನ್ನೇ ಕಾಣದವರೂ ದಸ್ತಿ ಹಿಡಿದು ಸಾಲು ಹಚ್ಚುತ್ತಾರೆ. ಚಪ್ಪಲಿ ಹುಡುಕಿದ ಅಜ್ಜಿ ಒಬ್ಬಳ ವ್ಯಾಪಾರ ಮಾತ್ರ ಉಲ್ಟಾ. ಅಕ್ಕ ಒಂದು ಬೆರಳು ಇಟ್ಟರೆ ಆಕೆ ಮುಂದೆ ಬಂದು ಐದೂ ಹಿಡಿಯುತ್ತಾಳೆ. "ಇಲ್ಲಿ ಮಂದಿ ಛಲೋ ಅದಾರ, ನಾ ಹೋಗಾಕಿ ಅಲ್ಲ," ಅನ್ನುತ್ತಾಳೆ.

ಹೀಗೆ ತಿಂಗಳು ತುಂಬಿತು. ನಾವು ಟ್ರಾಲಿ ತೆಗೆದುಕೊಂಡು ಹೋಗಿ ಗೇಟಿನ ಹೊರಗೆ ನಿಂತೆವು. ಬೆಳಗಿನ ಮಂಜಿಗೆ ಕಲ್ಲಿನ ಪುಡಿ ಸೇರಿ ಎಲ್ಲಾ ಹಾಲಿನೊಳಗೆ ಇಟ್ಟಂಗಿತ್ತು. ಆ ಬಿಳುಪಿನೊಳಗಿಂದ ಮುತ್ಯಾ ಬಂದ. ಯಾರ ಹೆಗಲೂ ಇಲ್ಲ, ಕೈಯಲ್ಲಿ ಕೋಲೂ ಇಲ್ಲ. ಎಡಗಾಲು ಇಟ್ಟ, ಬಲಗಾಲು ಇಟ್ಟ. ನೀಲಿ ಕಲ್ಲಿನ ಮೇಲೆ ಸದ್ದಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಎದ್ದು ನಿಂತಿದ್ದರು. ಅಕ್ಕ ಬಾಯಿಗೆ ದಸ್ತಿ ಹಿಡಿದುಕೊಂಡಿದ್ದಳು. ಗೇಟಿನ ಹತ್ತಿರ ಬಂದು, ಮುತ್ಯಾ ಅಪ್ಪನ ಮುಖ ನೋಡಿ, "ನಡದೆ ನೋಡಪ್ಪಾ," ಅಂದ. ಅಪ್ಪ ಈ ಸಲ ಧೂಳು ಅನ್ನಲಿಲ್ಲ.

ಈ ಕೊನೆ ನಾನೇ ಕಟ್ಟಿದ್ದು. ತಿಂಗಳು ಇನ್ನೂ ತುಂಬಿಲ್ಲ. ಮುತ್ಯಾ ಅಲ್ಲೇ ಇದ್ದಾನೆ, ಎರಡು ಕಂಬಿ ಹಿಡಿದು ನಿಲ್ಲುತ್ತಾನೆ, ಬಲಗಾಲು ಎಳೆಯುತ್ತದೆ, ಆದರೆ ಭಾರ ಹೊರುತ್ತದೆ. ಮೊನ್ನೆ ಹೋದಾಗ ಈ ಕೊನೆಯನ್ನು ಅವನಿಗೇ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರಾ ಕೇಳಿದ. ನಿದ್ದೆ ಹತ್ತಿತು ಅಂತ ನಾನು ಏಳಬೇಕು ಅನ್ನುವಾಗ ಬಾಯಿ ಬಿಟ್ಟ:

"ಸುಳ್ಳೇ ಹೇಳಾವ, ಇಷ್ಟು ಜಿಪುಣತನ ಯಾಕೋ ಮಂಗ್ಯಾ? ನಡಕೋಂತ ಬಂದ ಅಂತ ಬರೀಬ್ಯಾಡ. ಓಡಿಕೋಂತ ಬಂದ ಅಂತ ಬರಿ."